ದಿನದ ಧಮ್ಮ ಚಿಂತನೆ: ಅಪ್ಪನ ಸೈಕಲ್ಲಿನ ಬೆಲೆ



ಕಳೆದ ತಿಂಗಳು ಅಪ್ಪನ ರ‍್ಯಾಲೆ ಸೈಕಲ್ ಮಾರಿದೆ. ಮೂರು ಗೇರಿನ ಇಂಗ್ಲೆಂಡಿನ ಗಾಡಿ. ಸ್ಟರ್ಮಿ ಆರ್ಚರ್ ಕಂಪನಿ ಹಿಂದಿನ ಹಬ್ಬಿನ ಮೇಲೆ ತಯಾರಿಯ ವರ್ಷ ಒತ್ತುತ್ತಿತ್ತು; ಇದರಲ್ಲಿ 62 ಎಂದಿತ್ತು, ಅಂದರೆ 1962. ಹಳೆ ಸೈಕಲ್ ಕೂಡಿಡುವ ಹುಡುಗನೊಬ್ಬ ನೋಡಿ, "ಎಲ್ಲಾ ಒರಿಜಿನಲ್ ಅಲ್ವಾ ಸರ್? 20,000 ಕೊಡ್ತೀನಿ" ಎಂದ. ಮುಂದಿನ ಫೋರ್ಕು ಲೋಕಲ್, ಬಣ್ಣ ಹೊಸದು ಎಂದು ನನಗೆ ಗೊತ್ತಿತ್ತು. ಸುಮ್ಮನಿದ್ದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಕಳ್ಳ ತೂಕ, ಕಳ್ಳ ಲೋಹ, ಕಳ್ಳ ಅಳತೆಯಿಂದ ದೂರವಿರುವುದನ್ನು ಬ್ರಹ್ಮಜಾಲ ಸುತ್ತ ಶೀಲದಲ್ಲಿ ಸೇರಿಸುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಕದಿಯುವುದಿಲ್ಲ, ಸುಳ್ಳಾಡುವುದಿಲ್ಲ ಎಂಬ ಎರಡೂ ಇವೆ. ನಾನು ಸುಳ್ಳು ಹೇಳಿರಲಿಲ್ಲ. ಆದರೆ ನನ್ನ ಮೌನವೇ ಕಳ್ಳ ತಕ್ಕಡಿಯಾಗಿತ್ತು.

ಒಳಗೆ ಇನ್ನೊಂದು ಲೆಕ್ಕವೂ ಇತ್ತು. ನಮ್ಮ ಕೇರಿ ದಾಟಿ ಊರ ಬೀದಿಗೆ ಬಂದರೆ ಅಪ್ಪ ಈ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹೋಗಬೇಕಿತ್ತು. ಆ ಅವಮಾನವನ್ನೂ ಬೆಲೆಯಲ್ಲಿ ಸೇರಿಸಿಕೊಂಡಿದ್ದೆ. ಅದು ಈ ಹುಡುಗ ತೀರಿಸಬೇಕಾದ ಸಾಲವಲ್ಲ.

ಬೆಳಿಗ್ಗೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು: ಫೋರ್ಕಿಗೆ 4,000, ಬಣ್ಣಕ್ಕೆ 3,000, ಟೈರು-ಬ್ರೇಕಿಗೆ 2,000 ಕಳೆದು 11,000. ಅವನು ಖುಷಿಯಿಂದ ಕೊಟ್ಟ. ನಮ್ಮ ಬೀದಿಯಿಂದಲೇ ಸೈಕಲ್ ಹತ್ತಿ ಹೋದ.

*ಇಂದಿನ ಅಭ್ಯಾಸ:* ಏನನ್ನಾದರೂ ಮಾರುವಾಗ, ಕೊಳ್ಳುವವರಿಗೆ ಕಾಣದ ದೋಷವನ್ನು ಬೆಲೆಗಿಂತ ಮೊದಲು ಹೇಳೋಣ. ಸಮ್ಯಕ್ ಆಜೀವ ಅಲ್ಲಿಂದ ಶುರು.

ಭವತು ಸಬ್ಬ ಮಂಗಲಂ. ☸️