ಬುತ್ತಿ ಕಟ್ಟಿದಿರಿ, ಗುಳಿಗೆ ಎಲ್ಲಿ?

ಮಹಾಲಯ ಅಮಾವಾಸ್ಯೆ ಕಳೆದು ಮನೆಯಲ್ಲಿ ಘಟ ಕೂಡ್ರಿಸಿದರೆ ಸಾಕು, ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿಯೇ ಬೇರೆಯಾಗುತ್ತದೆ. ಮೊಣಕಾಲು ನೋವು, ಹೊಟ್ಟೆಯುಬ್ಬರಗಳು ಎರಡು ವಾರ ಮರೆಗೆ ಸರಿಯುತ್ತವೆ. ‘ಡಾಕ್ಟರೇ, ಗಾಡಿ ಗೊತ್ತು ಮಾಡಿದ್ದೇವೆ’ ಎಂದು ಶುರುವಾಗುವ ಪತ್ರಗಳು ಮುಂದೆ ಬರುತ್ತವೆ. ಬೆಂಗಳೂರು, ಪುಣೆ, ಹುಬ್ಬಳ್ಳಿಗೆ ಚದುರಿಹೋದ ಅಣ್ಣತಮ್ಮಂದಿರು, ಕೊಟ್ಟ ಮನೆಯ ಅಕ್ಕತಂಗಿಯರು ಬನ್ನಿ ಹಂಚಿಕೊಳ್ಳಲು ಊರಿಗೆ ಬರುತ್ತಾರೆ. ಬಂದವರೆಲ್ಲ ಒಂದೇ ಗಾಡಿಯಲ್ಲಿ ಸಾಗರದ ಆಚೆಯ ಬೆಟ್ಟದ ಸೀಮೆಗೆ ಹೊರಡುತ್ತಾರೆ. ಸಿಗಂದೂರು, ಕೊಲ್ಲೂರು, ಕೊಡಚಾದ್ರಿ ಈ ಭಾಗದವರ ಮಾಮೂಲು ಹಾದಿ. 2025ರ ಜುಲೈನಲ್ಲಿ ಸಿಗಂದೂರಿನ ಸೇತುವೆ ಸಂಚಾರಕ್ಕೆ ತೆರೆದ ಮೇಲೆ ಲಾಂಚ್‌ಗೆ ಕಾಯುವ ಕೆಲಸ ತಪ್ಪಿದೆ. ಅದರ ಜೊತೆಗೆ, ಲಾಂಚ್‌ಗೆ ಕಾಯುತ್ತ ಇಳಿದು ಕಾಲಾಡಿಸುತ್ತಿದ್ದ ಒಂದು ತಾಸೂ ತಪ್ಪಿಹೋಗಿದೆ. ಈಗ ಮೂರೂ ಸ್ಥಳಗಳನ್ನು ಒಂದೇ ಓಟದಲ್ಲಿ ಮುಗಿಸುವ ಆತುರ.

ನಾಲ್ಕು ತಾಲ್ಲೂಕುಗಳಿಂದ ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 44 ವರ್ಷ, ಅಂಗಡಿ ವ್ಯಾಪಾರ. ಆಯುಧ ಪೂಜೆ ಮುಗಿಸಿ ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗಿನ ಜಾವ ಕೊಲ್ಲೂರು ಮುಟ್ಟಬೇಕೆಂದಿದ್ದೇನೆ. ಗಾಡಿ ನಾನೇ ಓಡಿಸುವವ. ರಸ್ತೆ ಖಾಲಿ ಇರುತ್ತದೆ, ಮಕ್ಕಳು ಮಲಗಿರುತ್ತಾರೆ. ನಿದ್ದೆ ಬಾರದಂತೆ ತಡೆಯುವ ಗುಳಿಗೆ ಇದೆಯೇ? ಸ್ವಲ್ಪ ನೆಗಡಿಯೂ ಇದೆ.
— ಓದುಗ, ಶಿಗ್ಗಾವಿ

ಉತ್ತರ: ಅಂಥ ಗುಳಿಗೆಯನ್ನು ನಾನು ಬರೆದುಕೊಡುವುದಿಲ್ಲ. ವಾಹನ ತೊಳೆದು, ಹಾರ ಹಾಕಿ, ಕುಂಬಳಕಾಯಿ ಒಡೆದು, ಗಾಲಿಯ ಕೆಳಗೆ ನಿಂಬೆಹಣ್ಣು ಇಡುತ್ತೀರಿ. ಆ ದಿನವೆಲ್ಲ ತೆರೆದೇ ಇದ್ದ ನಿಮ್ಮ ಕಣ್ಣುಗಳಿಗೆ ಏನು ಕೊಟ್ಟಿರಿ? ದಣಿದ ಮಿದುಳು ನಿಮ್ಮ ಅಪ್ಪಣೆ ಕೇಳುವುದಿಲ್ಲ. ಕಣ್ಣು ತೆರೆದಿದ್ದಂತೆಯೇ ಮೂರು ನಾಲ್ಕು ಸೆಕೆಂಡು ನಿದ್ದೆಗೆ ಜಾರಿ ಮತ್ತೆ ಎದ್ದುಬಿಡುತ್ತದೆ. ಹೀಗೆ ಜಾರಿದ್ದು ನಿಮಗೆ ಗೊತ್ತೂ ಆಗುವುದಿಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡೆಂದರೆ ಸುಮಾರು 90 ಮೀಟರ್. ಅಷ್ಟು ದೂರ ನಿಮ್ಮ ಗಾಡಿಗೆ ಚಾಲಕನೇ ಇರುವುದಿಲ್ಲ. ಈ ಜೋಂಪು ಹೆಚ್ಚಾಗಿ ಹತ್ತುವುದು ರಾತ್ರಿ ಎರಡರಿಂದ ಬೆಳಗಿನ ಐದರ ನಡುವೆ. ನಿಮ್ಮ ಲೆಕ್ಕದ ಪ್ರಕಾರ ನೀವು ಘಾಟಿ ಇಳಿಯುವುದೂ ಅದೇ ಹೊತ್ತಿಗೆ.

ಕಿಟಕಿಯ ಗಾಜು ಇಳಿಸುವುದು, ಹಾಡು ಜೋರು ಮಾಡುವುದು, ಎಲೆಯಡಿಕೆ ಹಾಕಿಕೊಳ್ಳುವುದು ಇವೆಲ್ಲ ಐದು ಹತ್ತು ನಿಮಿಷದ ಮಾತು. ಚಹಾ ಸ್ವಲ್ಪ ನೆರವಾಗುತ್ತದೆ, ಆದರೆ ಅದರ ಪ್ರಭಾವ ಕಾಣಲು ಅರ್ಧ ಗಂಟೆ ಬೇಕು. ಆದ್ದರಿಂದ ಚಹಾ ಕುಡಿದ ಕೂಡಲೇ ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ ಹದಿನೈದು ಇಪ್ಪತ್ತು ನಿಮಿಷ ಕಣ್ಣು ಮುಚ್ಚಿ. ಎದ್ದಾಗ ಚಹಾ ಮತ್ತು ನಿದ್ದೆ ಎರಡರ ಫಲವೂ ಸಿಗುತ್ತದೆ. ಇದು ದಾರಿಯ ನಡುವಿನ ಉಪಾಯವೇ ಹೊರತು ರಾತ್ರಿಯ ನಿದ್ದೆಗೆ ಬದಲಿಯಲ್ಲ. ನೆಗಡಿಗೆಂದು ಕೊಳ್ಳುವ ಸೆಟ್ರಿಜಿನ್, ಕ್ಲೋರ್‌ಫೆನಿರಮಿನ್ ಗುಳಿಗೆಗಳು, ಕೆಲವು ಕೆಮ್ಮಿನ ಸಿರಪ್‌ಗಳು ನಿದ್ದೆಗಣ್ಣು ತರಿಸುತ್ತವೆ. ಸ್ಟೇರಿಂಗ್ ಹಿಡಿಯುವವರು ಅವನ್ನು ಮುಟ್ಟಬಾರದು.

ನನ್ನ ಸಲಹೆ ಸರಳ. ರಾತ್ರಿ ಮಲಗಿ, ಬೆಳಿಗ್ಗೆ ಐದೂವರೆಗೆ ಹೊರಡಿ. ಪ್ರತಿ ಎರಡು ತಾಸಿಗೊಮ್ಮೆ ಇಳಿಯಿರಿ. ಹಿಂದೆ ಕೂತವರೂ ಬೆಲ್ಟ್ ಹಾಕಿಕೊಳ್ಳಲಿ. ಕಾಡಿನ ಹಾದಿಯಲ್ಲಿ ಎಷ್ಟೋ ಕಡೆ ಮೊಬೈಲಿಗೆ ಸಿಗ್ನಲ್ ಸಿಗದು. 108 ನಂಬಿ ಕೂರುವ ಬದಲು ದಾರಿಯ ತಾಲ್ಲೂಕು ಆಸ್ಪತ್ರೆಗಳು ಸೊರಬ, ಸಾಗರ, ಹೊಸನಗರದಲ್ಲಿ ಇವೆಯೆಂಬುದನ್ನು ಮೊದಲೇ ನೆನಪಿನಲ್ಲಿಡಿ.

ಪ್ರಶ್ನೆ: ನನ್ನ ಮಗಳಿಗೆ ಎಂಟು ವರ್ಷ. ಬಸ್ಸು, ಕಾರು ಯಾವುದನ್ನು ಹತ್ತಿದರೂ ವಾಂತಿ. ಈ ಸಲ ಕ್ರೂಸರ್ ಗಾಡಿಯಲ್ಲಿ ಹದಿಮೂರು ಮಂದಿ ಹೊರಟಿದ್ದೇವೆ. ಸೀಟಿನ ಮೇಲೆ ಪೇಪರ್ ಹಾಸಿ ಕೂಡ್ರಿಸಿದರೆ ವಾಂತಿ ಬರುವುದಿಲ್ಲವೆಂದು ಅತ್ತೆ ಹೇಳುತ್ತಾರೆ. ನಿಜವೇ?
— ತಾಯಿ, ಹಾನಗಲ್ಲ

ಉತ್ತರ: ಪೇಪರಿನಿಂದ ಸೀಟು ಉಳಿಯುತ್ತದೆ, ಹೊಟ್ಟೆ ಉಳಿಯುವುದಿಲ್ಲ. ಅತ್ತೆಯವರ ಮನಸ್ಸಿಗೆ ಸಮಾಧಾನವಾದರೆ ಹಾಸಿರಿ, ತೊಂದರೆಯಿಲ್ಲ.

ನಮ್ಮ ಒಳಗಿವಿಯಲ್ಲಿ ಚಲನೆಯನ್ನು ಅಳೆಯುವ ಪುಟ್ಟ ಅಂಗವಿದೆ. ಗಾಡಿ ತಿರುವು ತೆಗೆದುಕೊಂಡಾಗ ಅದು ‘ಹೊರಳುತ್ತಿದ್ದೇವೆ’ ಎಂದು ಮಿದುಳಿಗೆ ಹೇಳುತ್ತದೆ. ಮಗುವಿನ ಕಣ್ಣು ಮೊಬೈಲಿನಲ್ಲಿಯೋ ಮುಂದಿನ ಸೀಟಿನ ಬೆನ್ನಿನ ಮೇಲೋ ನೆಟ್ಟಿದ್ದರೆ ಅದು ‘ಸುಮ್ಮನೆ ಕೂತಿದ್ದೇವೆ’ ಎನ್ನುತ್ತದೆ. ಈ ಎರಡು ಸಾಕ್ಷಿಗಳ ತಕರಾರೇ ವಾಂತಿಗೆ ಮೂಲ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ, ಶಾಲೆಗೆ ಹೋಗುವ ವಯಸ್ಸಿನಲ್ಲಿ ಹೆಚ್ಚು, ದೊಡ್ಡವರಾದಂತೆ ಬಹುಮಟ್ಟಿಗೆ ತಾನಾಗಿ ತಗ್ಗುತ್ತದೆ.

ಹಾಗಾದರೆ ಕ್ರೂಸರಿನಲ್ಲಿ ಮಕ್ಕಳನ್ನು ನಾವು ಎಲ್ಲಿ ತುಂಬುತ್ತೇವೆ ನೋಡಿ: ಹಿಂದಿನ ಎದುರುಬದುರು ಅಡ್ಡ ಸೀಟಿನಲ್ಲಿ. ವಾಂತಿಗೆ ಅದಕ್ಕಿಂತ ಪ್ರಶಸ್ತವಾದ ಜಾಗ ಇನ್ನೊಂದಿಲ್ಲ. ಮಗಳನ್ನು ನಡುವಿನ ಸಾಲಿನಲ್ಲಿ, ಎದುರಿನ ಗಾಜಿನಾಚೆ ರಸ್ತೆ ಕಾಣುವಂತೆ ಕೂಡ್ರಿಸಿ. ಆ ಅಡ್ಡ ಸೀಟಿಗೆ ಗಟ್ಟಿ ಹೊಟ್ಟೆಯ ಮಾವಂದಿರು ಹೋಗಲಿ. ಮೊಬೈಲು ಬೇಡ. ಖಾಲಿ ಹೊಟ್ಟೆಯೂ ಬೇಡ, ಮಿರ್ಚಿ ಭಜಿಯೂ ಬೇಡ. ಹೊರಡುವ ಒಂದು ತಾಸು ಮೊದಲು ಒಂದು ಇಡ್ಲಿಯೋ ಸ್ವಲ್ಪ ಮೊಸರನ್ನವೋ ಸಾಕು. ಶುಂಠಿ ಕೆಲವರಿಗೆ ಹಿಡಿಸುತ್ತದೆ. ನಿಂಬೆಹಣ್ಣು ಮೂಸುವುದರಿಂದ ಡೀಸೆಲ್ ವಾಸನೆಯಾದರೂ ಮರೆಯಾಗುತ್ತದೆ.

ಗುಳಿಗೆ ಬೇಕೆಂದರೆ ಪ್ರೊಮೆಥಜೀನ್ ಅಥವಾ ಡೈಮೆನ್‌ಹೈಡ್ರಿನೇಟ್ ಇವೆ. ಮಗಳ ತೂಕ ನೋಡಿ ಪ್ರಮಾಣವನ್ನು ನಿಮ್ಮ ವೈದ್ಯರು ಹೇಳಬೇಕು. ಗಾಡಿ ಹತ್ತುವ ಅರ್ಧದಿಂದ ಒಂದು ತಾಸು ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಗುಳಿಗೆಯೂ ಹೊರಗೇ ಬರುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದು. ಜ್ವರ, ಭೇದಿಯ ವಾಂತಿಗೆ ಕೊಡುವ ಒಂಡಾನ್‌ಸೆಟ್ರಾನ್ ಸಿರಪ್ ಮನೆಯಲ್ಲಿ ಉಳಿದಿದೆಯೆಂದು ಅದನ್ನೇ ಕೊಡುವವರು ಬಹಳ. ಪ್ರಯಾಣದ ವಾಂತಿಗೆ ಅದರಿಂದ ಹೆಚ್ಚಿನ ಉಪಯೋಗವಿಲ್ಲ.

ಪ್ರಶ್ನೆ: ಪ್ರವಾಸಕ್ಕೆ ಹೋಗಿ ಬಂದಾಗಲೆಲ್ಲ ನನಗೆ ಮೂತ್ರದ ಉರಿ ಹತ್ತುತ್ತದೆ. ಔಷಧ ಅಂಗಡಿಯವರು ಕೊಡುವ ಸಿರಪ್ ಕುಡಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರುವಾಗುತ್ತದೆ. ಉಷ್ಣವೇ? ವಯಸ್ಸು 36.
— ಗೃಹಿಣಿ, ಸವಣೂರ

ಉತ್ತರ: ತಂಗೀ, ಉಷ್ಣದ ಮೇಲೆ ಹೊರೆ ಹಾಕುವ ಮೊದಲು ಒಂದು ಮಾತು ಕೇಳುತ್ತೇನೆ. ದಾರಿಯಲ್ಲಿ ನೀವು ನೀರು ಕುಡಿಯುತ್ತೀರಾ? ನನ್ನ ಬಳಿ ಇದೇ ತೊಂದರೆ ಹೇಳಿಕೊಂಡು ಬರುವ ಹೆಣ್ಣುಮಕ್ಕಳ ಉತ್ತರ ಬಹುತೇಕ ಒಂದೇ: ‘ಎಲ್ಲಿ ಇಳಿಯೋದ್ರೀ?’ ಗಂಡಸರು ಯಾವುದೋ ಮರದ ಬದಿಯಲ್ಲಿ ಎರಡು ನಿಮಿಷದಲ್ಲಿ ಮುಗಿಸಿ ಬರುತ್ತಾರೆ. ಹೆಂಗಸರು ಬೆಳಗಿನಿಂದ ಗಂಟಲು ತೋಯುವಷ್ಟೇ ನೀರು ಕುಡಿದು, ಮಧ್ಯಾಹ್ನದವರೆಗೆ ತಡೆದುಕೊಂಡು ಕೂರುತ್ತಾರೆ. ಮಡಿಲಲ್ಲಿ ಸವಣೂರಿನ ಖಾರದ ಪೊಟ್ಟಣ ಬೇರೆ! ತಿಂದಷ್ಟೂ ಬಾಯಾರಿಕೆ, ನೀರಿಗೆ ಮಾತ್ರ ಸ್ವಯಂ ನಿಷೇಧ.

ಮೂತ್ರ ಹೊರಹೋಗುವಾಗ ಹಾದಿಯಲ್ಲಿರುವ ರೋಗಾಣುಗಳನ್ನೂ ತೊಳೆದುಕೊಂಡು ಹೋಗುತ್ತದೆ. ತಾಸುಗಟ್ಟಲೆ ತಡೆದರೆ ಅವು ಚೀಲದೊಳಗೇ ಬೆಳೆಯುತ್ತವೆ. ಹೆಣ್ಣುಮಕ್ಕಳ ಮೂತ್ರನಾಳ ಗಿಡ್ಡವಾಗಿರುವುದರಿಂದ ಸೋಂಕು ಬೇಗ ಮೇಲೇರುತ್ತದೆ. ಅಂಗಡಿಯ ಆ ಸಿರಪ್ ಮೂತ್ರದ ಆಮ್ಲೀಯತೆಯನ್ನು ತಗ್ಗಿಸಿ ಉರಿ ಶಮನ ಮಾಡುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ಅದಕ್ಕೇ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಮೂತ್ರ ಪರೀಕ್ಷೆ ಮಾಡಿಸಿ, ಬೇಕಾದರೆ ಕಲ್ಚರ್ ಮಾಡಿಸಿ, ವೈದ್ಯರು ಬರೆದ ಆ್ಯಂಟಿಬಯಾಟಿಕ್ ಪೂರ್ತಿ ಮುಗಿಸಿ. ಜೊತೆಗೆ ಒಮ್ಮೆ ಸಕ್ಕರೆಯನ್ನೂ ನೋಡಿಸಿಕೊಳ್ಳಿ. ಚಳಿಜ್ವರ, ಪಕ್ಕೆ ನೋವು, ಮೂತ್ರದಲ್ಲಿ ರಕ್ತ ಕಂಡರೆ ಸೋಂಕು ಮೂತ್ರಪಿಂಡಕ್ಕೆ ಏರಿರಬಹುದು, ಪ್ರವಾಸ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ನಡೆಯಿರಿ.

ಉಳಿದದ್ದು ಮನೆಯ ಗಂಡಸರಿಗೆ. ಊಟಕ್ಕೆ ಎಲ್ಲಿ ನಿಲ್ಲಿಸಬೇಕೆಂದು ಮೊದಲೇ ಗೊತ್ತು ಮಾಡುವವರು, ಚೊಕ್ಕ ಶೌಚಾಲಯವಿರುವ ಪೆಟ್ರೋಲ್ ಬಂಕು, ಬಸ್ ನಿಲ್ದಾಣ ಯಾವುದೆಂದೂ ಗೊತ್ತು ಮಾಡಿ. ಎರಡು ತಾಸಿಗೊಮ್ಮೆ ಯಾರೂ ಕೇಳದಿದ್ದರೂ ನಿಲ್ಲಿಸಿ. ಕೇಳಬೇಕಾಗಿ ಬಂದರೆ ಅವರು ಕೇಳುವುದಿಲ್ಲ. ಹಾಗೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಪಾದದ ಬಾವು, ಕಾಲಿನ ರಕ್ತನಾಳದಲ್ಲಿ ಗಡ್ಡೆ ಕಟ್ಟುವ ಅಪಾಯವೂ ತಗ್ಗುತ್ತದೆ.

ಪ್ರಶ್ನೆ: ಅಪ್ಪಾಜಿಗೆ 68 ವರ್ಷ, ಇಪ್ಪತ್ತು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ, ರಾತ್ರಿ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ, ಒಂದು ಗ್ಲಿಮೆಪಿರೈಡ್ ಗುಳಿಗೆಯೂ ಇದೆ. ನವರಾತ್ರಿಯಲ್ಲಿ ಒಪ್ಪತ್ತು ಮಾಡುತ್ತಾರೆ. ಕೊಲ್ಲೂರಮ್ಮನ ದರ್ಶನವಾಗುವವರೆಗೆ ಏನೂ ತಿನ್ನುವುದಿಲ್ಲ, ಚಪ್ಪಲಿ ಹಾಕುವುದಿಲ್ಲ ಎಂದು ಹಟ ಹಿಡಿದಿದ್ದಾರೆ.
— ಮಗ, ಹಿರೇಕೆರೂರ

ಉತ್ತರ: ಅವರ ಭಕ್ತಿಗೆ ಕೈಮುಗಿಯುತ್ತೇನೆ. ಆದರೆ ಇನ್ಸುಲಿನ್‌ಗೆ ಒಪ್ಪತ್ತು ಗೊತ್ತಿಲ್ಲ. ಊಟ ಬರಲಿ ಬಿಡಲಿ, ಅದು ರಕ್ತದ ಸಕ್ಕರೆಯನ್ನು ಇಳಿಸುತ್ತಲೇ ಹೋಗುತ್ತದೆ. ಗ್ಲಿಮೆಪಿರೈಡ್ ಸ್ವಭಾವವೂ ಅದೇ. ನವರಾತ್ರಿಯ ಕೊಲ್ಲೂರಿನಲ್ಲಿ ಸಾಲು ಎಷ್ಟು ಉದ್ದವಿರುತ್ತದೆಂದು ಬಲ್ಲಿರಿ. ಆ ಸಾಲಿನಲ್ಲಿ ಅಪ್ಪಾಜಿ ಬೆವರಿ, ಕೈನಡುಗಿ, ಸಂಬಂಧವಿಲ್ಲದ ಮಾತಾಡತೊಡಗಿದರೆ ಸುತ್ತಲಿನವರು ‘ಮೈಮೇಲೆ ದೇವರು ಬಂದಿದೆ’ ಎಂದುಕೊಂಡಾರು, ಇಲ್ಲವೇ ‘ದಣಿದಿದ್ದಾರೆ’ ಎಂದಾರು. ನೀವು ಹಾಗಂದುಕೊಳ್ಳಬೇಡಿ, ಸಕ್ಕರೆ ಇಳಿದಿದೆಯೆಂದೇ ತಿಳಿಯಿರಿ. ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ. ಹದಿನೈದು ನಿಮಿಷದ ಮೇಲೂ ರಕ್ತದ ಸಕ್ಕರೆ 70ರ ಕೆಳಗಿದ್ದರೆ ಮತ್ತೊಮ್ಮೆ ಕುಡಿಸಿ, ಆಮೇಲೆ ಊಟ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಹನಿ ನೀರೂ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. ಪಕ್ಕಕ್ಕೆ ಹೊರಳಿಸಿ ಆಸ್ಪತ್ರೆಗೆ ಒಯ್ಯಿರಿ.

ಒಪ್ಪತ್ತು ಮಾಡಲೇಬೇಕೆಂದರೆ ಹೊರಡುವ ವಾರ ಮೊದಲೇ ಅವರ ವೈದ್ಯರನ್ನು ಕಂಡು ಆ ದಿನಗಳ ಪ್ರಮಾಣ ಬದಲಿಸಿಕೊಳ್ಳಿ. ಮನೆಯವರೇ ಅಂದಾಜಿನಲ್ಲಿ ಇನ್ಸುಲಿನ್ ಬಿಡಿಸುವುದೂ ಅಷ್ಟೇ ಅಪಾಯ. ಬಳಕೆಗೆ ತೆಗೆದ ಇನ್ಸುಲಿನ್ 30 ಡಿಗ್ರಿಯೊಳಗೆ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡು ಅದಕ್ಕೆ ಶತ್ರು, ನೇರ ಮಂಜುಗಡ್ಡೆಯೂ ಶತ್ರು. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಇರಲಿ. ಗಾಡಿಯ ಮೇಲೆ ಹಗ್ಗ ಬಿಗಿದ ಲಗೇಜಿನೊಳಗೆ ಸೇರಿಸಬೇಡಿ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ ಕೈಗೆ ಸಿಗುವಂತಿರುತ್ತದೆ, ಗುಳಿಗೆಯ ಚೀಲ ಮಾತ್ರ ಎಲ್ಲಕ್ಕೂ ಅಡಿಯಲ್ಲಿರುತ್ತದೆ. ಇದು ಪ್ರತಿ ವರ್ಷ ನಾನು ಕೇಳುವ ಕಥೆ.

ಇನ್ನು ಬರಿಗಾಲು. ಇಪ್ಪತ್ತು ವರ್ಷದ ಸಕ್ಕರೆಯಲ್ಲಿ ಪಾದದ ಸ್ಪರ್ಶ ಮಂಕಾಗಿರಬಹುದು. ಮುಳ್ಳು ಚುಚ್ಚಿದ್ದು, ಕಾದ ಕಲ್ಲು ಸುಟ್ಟದ್ದು ತಿಳಿಯದೆ, ರಾತ್ರಿ ರಕ್ತ ಕಂಡಾಗಲೇ ಗೊತ್ತಾಗುತ್ತದೆ. ಗುಡಿಯ ಬಾಗಿಲವರೆಗೆ ಚಪ್ಪಲಿ, ಪ್ರಾಕಾರದೊಳಗೆ ದಪ್ಪ ಹತ್ತಿಯ ಕಾಲುಚೀಲ ಎಂದು ರಾಜಿ ಮಾಡಿಸಿ. ರಾತ್ರಿ ಮಲಗುವ ಮುನ್ನ ನೀವೇ ಅವರ ಪಾದ ತೊಳೆದು, ಬೆರಳ ಸಂದುಗಳನ್ನು ಬೆಳಕಿನಲ್ಲಿ ನೋಡಿ. ಅಪ್ಪನ ಪಾದಸೇವೆಯೂ ಆಯಿತು, ತಪಾಸಣೆಯೂ ಆಯಿತು.

ಪ್ರಶ್ನೆ: ಅವ್ವನಿಗೆ ಎರಡು ವರ್ಷದ ಹಿಂದೆ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಕೊಡಚಾದ್ರಿಯ ಮೇಲೆ ಆಮ್ಲಜನಕ ಕಡಿಮೆಯಂತೆ, ಕರೆದೊಯ್ಯಬಹುದೇ?
— ಓದುಗ, ಶಿಗ್ಗಾವಿ

ಉತ್ತರ: ಕೊಡಚಾದ್ರಿಯ ಎತ್ತರ 1343 ಮೀಟರ್. ಎತ್ತರದಿಂದ ಬರುವ ಕಾಯಿಲೆ ಸಾಮಾನ್ಯವಾಗಿ 2500 ಮೀಟರ್ ದಾಟಿದ ಮೇಲಿನ ಮಾತು. ಕರ್ನಾಟಕದ ಯಾವ ಶಿಖರವೂ ಎರಡು ಸಾವಿರ ಮೀಟರ್ ಮುಟ್ಟುವುದಿಲ್ಲ. 3500 ಮೀಟರ್ ಮೀರಿದ ಕೇದಾರನಾಥಕ್ಕೆ ಹೊರಟಾಗ ಈ ಪ್ರಶ್ನೆ ಮತ್ತೆ ಕೇಳಿ. ಇಲ್ಲಿ ನೋಡಬೇಕಾದದ್ದು ಗಾಳಿಯನ್ನಲ್ಲ, ಶ್ರಮವನ್ನು. ಮನೆಯಲ್ಲಿ ಎರಡು ಮಹಡಿ ಮೆಟ್ಟಿಲನ್ನು ಎದೆ ಬಿಗಿಯದೆ, ಏದುಸಿರು ಬಾರದೆ ಹತ್ತಬಲ್ಲರೇ? ಹಾಗಿದ್ದರೆ ಅವರ ಹೃದ್ರೋಗ ತಜ್ಞರ ಒಪ್ಪಿಗೆ ಪಡೆದು ಜೀಪಿನಲ್ಲಿ ಕರೆದೊಯ್ಯಿರಿ. ಸೊಂಟ ನೋವಿದ್ದರೆ ಆ ಕುಲುಕಾಟವೇ ಬೇಡ. ಕೊನೆಯ ಕಾಲುದಾರಿಯ ಏರನ್ನು ಮೊಮ್ಮಕ್ಕಳಿಗೆ ಬಿಡಲಿ. ಸ್ಟೆಂಟ್ ಹಾಕಿದವರು ರಕ್ತ ತೆಳುವಾಗಿಸುವ ಗುಳಿಗೆಯನ್ನು ಒಂದು ದಿನವೂ ತಪ್ಪಿಸಬಾರದು. ಎರಡು ದಿನದ ಪ್ರವಾಸಕ್ಕೆ ನಾಲ್ಕು ದಿನದ ಗುಳಿಗೆ ಕಟ್ಟಿಕೊಳ್ಳಿ.

ಪ್ರಶ್ನೆ: ನಾವು ಆನವಟ್ಟಿ, ಸೊರಬದ ಮೇಲೆ ಹೋಗುವವರು. ಆ ಕಡೆ ಮಂಗನ ಕಾಯಿಲೆ ಇದೆಯೆಂದು ಹೆದರಿಕೆ. ಮಕ್ಕಳನ್ನು ಕಾಡಿಗೆ ಬಿಡಬಹುದೇ? ಇಂಬಳ ಹತ್ತಿದರೆ ಏನು ಮಾಡಬೇಕು?
— ಶಿಕ್ಷಕಿ, ಹಾನಗಲ್ಲ

ಉತ್ತರ: ಮಂಗನ ಕಾಯಿಲೆಯನ್ನು ಮೊದಲು ಗುರುತಿಸಿದ್ದು 1957ರಲ್ಲಿ, ನಿಮ್ಮ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ವೈದ್ಯಕೀಯ ಪುಸ್ತಕಗಳಲ್ಲಿ ಇಂದಿಗೂ ಅದು ಆ ಊರಿನ ಹೆಸರಿನಲ್ಲೇ ಇದೆ. ಸಾಮಾನ್ಯವಾಗಿ ಅದು ಮಂಗನಿಂದ ನೇರವಾಗಿ ಬರುವುದಿಲ್ಲ. ವೈರಸ್ ಹೊತ್ತ ಉಣುಗು ಕಚ್ಚಿದರೆ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಹೆಚ್ಚಿನ ಪ್ರಕರಣಗಳು ಡಿಸೆಂಬರಿನಿಂದ ಮೇವರೆಗೆ, ಒಣಗಿದ ತರಗೆಲೆಯ ಕಾಲದಲ್ಲಿ ಕಾಣುತ್ತವೆ. ದಸರೆಯ ಹೊತ್ತಿಗೆ ಅಪಾಯ ಕಡಿಮೆ, ಆದರೂ ಎಚ್ಚರ ಬೇಕು. ಮೊದಲು ಕೊಡುತ್ತಿದ್ದ ಲಸಿಕೆಯ ಬಳಕೆ ನಿಂತಿದೆ. ಹಾಗಾಗಿ ಮೈಮುಚ್ಚುವ ಬಟ್ಟೆ, ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಕೈಕಾಲಿಗೆ ಕೀಟ ದೂರವಿಡುವ ತೈಲ, ಮರಳಿದ ಮೇಲೆ ಬಿಸಿನೀರು ಸೋಪಿನ ಸ್ನಾನ, ಇವೇ ಕಾವಲು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಉಣುಗು ಕಚ್ಚಿ ಕೂತಿದ್ದರೆ ಸೀಮೆಎಣ್ಣೆ, ಬೆಂಕಿಕಡ್ಡಿ ಬೇಡ. ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ, ಬೆರಳಿನಿಂದ ಹೊಸಕಬೇಡಿ.

ಇಂಬಳ ಬಡಪಾಯಿ. ಉಗುರನ್ನು ಅದರ ಬಾಯಿಯ ಬಳಿ ಚರ್ಮಕ್ಕೆ ಆನಿಸಿ ಸರಿಸಿದರೆ ಬಿಡುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟದಂತೆ ಮಾಡುವುದರಿಂದ ಗಾಯ ಬಹಳ ಹೊತ್ತು ಜಿನುಗುತ್ತದೆ. ಸೋಪಿನಿಂದ ತೊಳೆದು, ಶುದ್ಧ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ.

ಕೊನೆಗೊಂದು ಮಾತು. ಮಂಗನ ಕಾಯಿಲೆ ತಗುಲಿದ್ದರೆ ಉಣುಗು ಕಚ್ಚಿದ ಮೂರರಿಂದ ಎಂಟು ದಿನದೊಳಗೆ ಜ್ವರ ಕಾಣಿಸುತ್ತದೆ. ಅಷ್ಟರಲ್ಲಿ ನೀವು ಊರಿಗೆ ಮರಳಿರುತ್ತೀರಿ, ನೆಂಟರು ಚದುರಿರುತ್ತಾರೆ, ಬುತ್ತಿಯ ಡಬ್ಬಿಗಳು ತೊಳೆದು ಅಟ್ಟಕ್ಕೆ ಏರಿರುತ್ತವೆ. ಒಮ್ಮೆಲೇ ಏರಿದ ಜ್ವರ, ತಲೆನೋವು, ಮೈಕೈ ಮುರಿತವನ್ನು ಯಾರೂ ಪ್ರವಾಸಕ್ಕೆ ಜೋಡಿಸುವುದಿಲ್ಲ. ‘ಹವಾ ಬದಲಾಯ್ತು’ ಎಂದು ಗುಳಿಗೆ ನುಂಗಿ ಮಲಗುತ್ತಾರೆ. ಆಸ್ಪತ್ರೆಗೆ ಹೋದಾಗ ಜ್ವರ ಎಷ್ಟೆಂದು ಹೇಳುವ ಮೊದಲು, ‘ಹೋದ ವಾರ ಸೊರಬ, ಸಾಗರದ ಕಾಡಿಗೆ ಹೋಗಿದ್ದೆವು’ ಎಂದು ಹೇಳಿ. ಪುಣೆಗೆ ಮರಳಿದ ನಿಮ್ಮ ತಮ್ಮನಿಗೂ ಫೋನು ಮಾಡಿ ಇದನ್ನು ಹೇಳಿಡಿ. ಅಲ್ಲಿನ ಡಾಕ್ಟರಿಗೆ ಕ್ಯಾಸನೂರು ಎಲ್ಲಿದೆಯೆಂದು ಅವನೇ ಹೇಳಬೇಕಾದೀತು.