ಗಲಭೆಯೂ ಸುದ್ದಿಸ್ವಾತಂತ್ರ್ಯವೂ

ಕೋಮುಗಲಭೆಯ ಕಾಲದಲ್ಲಿ ಸರ್ಕಾರವು ತಡೆಯಬೇಕಾದುದು ಗಲಭೆಯನ್ನೋ ಸುದ್ದಿಯನ್ನೋ ಎಂಬುದು ವಿಚಾರಾರ್ಹವಾದ ಪ್ರಶ್ನೆ. ನಮ್ಮ ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟಿದೆ. ಸಾರ್ವಜನಿಕ ಶಾಂತಿಗಾಗಿ ಯುಕ್ತ ನಿರ್ಬಂಧ ವಿಧಿಸುವ ಅವಕಾಶವು 1951ರ ತಿದ್ದುಪಡಿಯಿಂದ ಸೇರಿತು.

ಐರ್ಲೆಂಡಿನ ಸಮ್ಮಿಶ್ರ ಸರ್ಕಾರವು 1976ರಲ್ಲಿ, ಉತ್ತರ ಭಾಗದ ಹಿಂಸೆಯನ್ನು ಕಾರಣವಾಗಿಟ್ಟುಕೊಂಡು, ಸಿನ್ ಫೇನ್ ಪಕ್ಷದ ವಕ್ತಾರರ ಸಂದರ್ಶನಗಳನ್ನು ರೇಡಿಯೋ, ದೂರದರ್ಶನಗಳಿಂದ ನಿಷೇಧಿಸಿತು. ಆ ನಿಷೇಧವು 1994ರ ಜನವರಿಯಲ್ಲಿ ಕೊನೆಗೊಂಡಿತು.

ಅದೇ ವರ್ಷ ಅಕ್ಟೋಬರದಲ್ಲಿ ಬೆಂಗಳೂರು ದೂರದರ್ಶನವು ಹತ್ತು ನಿಮಿಷದ ಉರ್ದು ವಾರ್ತೆಯನ್ನು ಆರಂಭಿಸಿತು. ವಿರೋಧವು ಗಲಭೆಗೆ ತಿರುಗಿ 20ಕ್ಕೂ ಹೆಚ್ಚು ಜನ ಮಡಿದರು, ವಾರ್ತೆ ನಿಂತಿತು. ಐರ್ಲೆಂಡಿನಲ್ಲಿ ಆಕ್ಷೇಪವು ಮಾತಾಡುವ ಪಕ್ಷದ ಮೇಲಿತ್ತು. ಇಲ್ಲಿ ಭಾಷೆಯ ಮೇಲೆಯೇ ಬಂದಿತು. ವಿರೋಧಿಸಿದವರಿಗೆ ಕನ್ನಡದ ಸ್ಥಾನಮಾನದ ಆತಂಕವಿತ್ತು ನಿಜ. ಅದನ್ನು ಹೇಳುವ ಹಕ್ಕನ್ನೂ 19ನೆಯ ವಿಧಿಯೇ ಕೊಡುತ್ತದೆ. ಕಲ್ಲೆಸೆಯುವ ಹಕ್ಕನ್ನು ಕೊಡುವುದಿಲ್ಲ.

ಗಲಭೆಯ ಬೆದರಿಕೆಗೆ ಅಂಜಿ ಮಾತನ್ನು ಅಡಗಿಸಬಾರದು, ಆಡುವವನನ್ನು ರಕ್ಷಿಸುವುದೇ ಸರ್ಕಾರದ ಕರ್ತವ್ಯ ಎಂಬ ತತ್ತ್ವವನ್ನು ಸುಪ್ರೀಂ ಕೋರ್ಟು 1989ರಲ್ಲಿಯೇ ರಂಗರಾಜನ್ ಮೊಕದ್ದಮೆಯಲ್ಲಿ ಎತ್ತಿಹಿಡಿದಿತ್ತು. ಕಲ್ಲಿಗೆ ಮಣಿದು ಇಂದು ಒಂದು ವಾರ್ತೆಯನ್ನು ನಿಲ್ಲಿಸಿದರೆ, ನಾಳೆ ಯಾವ ವಾರ್ತೆ ಬರಬೇಕೆಂಬುದನ್ನೂ ಕಲ್ಲೇ ನಿರ್ಣಯಿಸೀತು.

ನಮ್ಮ ಲೋಕಾಪುರದ ಪೇಟೆಯಲ್ಲಿ ಕನ್ನಡವೂ ಉರ್ದುವೂ ಕೂಡಿಯೇ ವ್ಯಾಪಾರ ಮಾಡುತ್ತವೆ. ಪೇಟೆಯಲ್ಲಿ ಸಲ್ಲುವ ಮಾತು ವಾರ್ತೆಯಲ್ಲಿ ಏಕೆ ಸಲ್ಲಬಾರದು?