ಅಳಿವೆಗೆ ಇಳಿಯುವ ಮುನ್ನ

ತಮ್ಮಾ, ತಂಗೀ, ಚಳಿಗಾಲದಲ್ಲಿ ರಜೆ ಹಾಕಿ ಗೋಕರ್ಣದ ಕಡೆ ಬರುತ್ತೀರಂತೆ. ಅಘನಾಶಿನಿ ಹೊಳೆಯ ಅಳಿವೆಯಲ್ಲಿ ಕಯಾಕ್ ಹತ್ತಿ ಹಕ್ಕಿ ನೋಡುತ್ತೀರಂತೆ. ಸಂತೋಷ, ಬನ್ನಿ. ಆದರೆ ದಿನ ಗೊತ್ತುಮಾಡುವಾಗ ಶನಿವಾರ, ಭಾನುವಾರ ಎಂದು ಎಣಿಸಬೇಡಿ, ತಿಥಿ ನೋಡಿ.

ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಭರತವೂ ಜೋರು, ಇಳಿತವೂ ಜೋರು. ಆ ಸೆಳೆತಕ್ಕೆ ಹೊಸಬರ ತೋಳು ಸಾಲದು. ಅಷ್ಟಮಿ ಕಳೆದ ಒಂದೆರಡು ದಿನ ನೀರು ಸಾಧುವಾಗಿರುತ್ತದೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಮರುದಿನ ಎಲ್ಲವೂ ಸುಮಾರು 50 ನಿಮಿಷ ತಡ. ಹಾಗಾಗಿ ಹೋದ ವಾರ ಬಂದುಹೋದ ಗೆಳೆಯ ಹೇಳಿದ ಹೊತ್ತನ್ನು ನಂಬಿ ಹೊರಡಬೇಡಿ. ಲೆಕ್ಕ ಮೊಬೈಲಿನಲ್ಲೂ ಸಿಗುತ್ತದೆ, ತದಡಿಯ ಮೀನುಗಾರರನ್ನು ಕೇಳಿದರೆ ತಿಥಿಯ ಮೇಲೇ ಹೇಳುತ್ತಾರೆ. ನಾನಾದರೆ ಅವರನ್ನೇ ಕೇಳುವವನು.

ಭರತ ಏರುವಾಗ ನೀರಿನ ಜೊತೆಗೇ ಮಿರ್ಜಾನ್ ಕಡೆ ಒಳಕ್ಕೆ ಸಾಗಿ, ಇಳಿತ ಶುರುವಾದ ಮೇಲೆ ಅದರ ಜೊತೆಗೇ ಮರಳಿ. ಹುಟ್ಟು ಹಾಕುವ ಅರ್ಧ ಕೆಲಸವನ್ನು ಹೊಳೆಯೇ ಮಾಡಿಕೊಡುತ್ತದೆ. ಆದರೆ ಇಳಿತದ ನೀರು ಕಡಲಿಗೆ ಎಳೆಯುವಂಥದ್ದು, ಆ ಹೊತ್ತಿನಲ್ಲಿ ಅಳಿವೆಯ ಬಾಯಿಯ ಹತ್ತಿರ ಸುಳಿಯಲೇಬೇಡಿ. ಮಧ್ಯಾಹ್ನದ ಪಡುವಣ ಗಾಳಿ ಏಳುವುದರೊಳಗೆ ದಡ ಸೇರಿರಬೇಕು. ಲೈಫ್ ಜಾಕೆಟ್ ಬಿಚ್ಚಬಾರದು. ಈಜು ಬರುತ್ತದೆಂಬ ಜಂಬ ಊರ ಕೆರೆಯಲ್ಲಿರಲಿ.

ಇನ್ನು ಹಕ್ಕಿಗಳ ಮಾತು. ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚಿನಲ್ಲಿ ಮಿಂಚುಳ್ಳಿ, ನೀರುಕಾಗೆ, ಮೇಲೆ ಸುತ್ತುವ ಗರುಡ, ಇವೆಲ್ಲ ಹುಡುಕದೆಯೂ ಕಾಣಿಸುತ್ತವೆ. ನಿಜವಾದ ಸಂತೆ ನೆರೆಯುವುದು ನೀರಿಳಿದು ಕೆಸರು ಬಯಲು ತೆರೆದಾಗ. ದೊಡ್ಡ ಅಣೆಕಟ್ಟಿಲ್ಲದ ಹೊಳೆ ಇದು. ಘಟ್ಟದ ಸಿಹಿನೀರು, ಮೆಕ್ಕಲು ತಡೆಯಿಲ್ಲದೆ ಇಳಿದು ಉಪ್ಪುನೀರಿನೊಡನೆ ಬೆರೆಯುತ್ತದೆ. ಕೆಸರಿನ ತುಂಬ ಹುಳು, ಏಡಿ, ಚಿಪ್ಪು. ಗಿಡ್ಡ ಕೊಕ್ಕಿನ ಹಕ್ಕಿ ಮೇಲ್ಮೈಯಲ್ಲಿ ಹೆಕ್ಕಿದರೆ, ಉದ್ದ ಕೊಕ್ಕಿನದು ಆಳಕ್ಕೆ ಚುಚ್ಚಿ ಎಳೆಯುತ್ತದೆ. ಒಂದೇ ಬಯಲಿನಲ್ಲಿ ಜಗಳವಿಲ್ಲದೆ ಊಟ ನಡೆಯುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು. ಸೇರಬೇಕಾದದ್ದೇ.

ಭರತ ಬಂದಾಗ ಅವೇ ಹಕ್ಕಿಗಳು ಮರಳ ದಿಬ್ಬದ ಮೇಲೆ ಗುಂಪಾಗಿ ನಿಂತು ದಣಿವಾರಿಸಿಕೊಳ್ಳುತ್ತವೆ. ನಿಮ್ಮಂಥ ಹುಡುಗರು ಕೆಡಿಸುವುದು ಇಲ್ಲೇ. ಗುಂಪು ಒಟ್ಟಿಗೆ ಹಾರುವ ವಿಡಿಯೋ ಬೇಕೆಂದು ಕಯಾಕನ್ನು ನೇರ ಅದರ ಮೇಲೆ ನುಗ್ಗಿಸುತ್ತೀರಿ. ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮರಿ ಮಾಡುವ ಕಂದುತಲೆಯ ಕಡಲಕ್ಕಿ ಚಳಿಗಾಲಕ್ಕೆ ನಮ್ಮ ಕರಾವಳಿಗೆ ಬರುತ್ತದೆ. ಬೇಸಿಗೆಯ ಹೊತ್ತಿಗೆ ಹಿಮಾಲಯದಾಚೆಗೆ ಹೊರಡಬೇಕಾದ ಹಕ್ಕಿ ಮೈಗೂಡಿಸಿಕೊಂಡ ಕೊಬ್ಬನ್ನು ನಿಮ್ಮ ಹತ್ತು ಸೆಕೆಂಡಿನ ವಿಡಿಯೋಗೆ ಯಾಕೆ ಸುಡಬೇಕು? ದೂರದಲ್ಲೇ ಹುಟ್ಟು ಎತ್ತಿಡಿ, ಸುಮ್ಮನೆ ಕೂತು ದುರ್ಬೀನಿನಲ್ಲಿ ನೋಡಿ. ಹಕ್ಕಿ ತಲೆಯೆತ್ತಿ ನಿಮ್ಮನ್ನೇ ದಿಟ್ಟಿಸಿತೆಂದರೆ ಆಗಲೇ ಹತ್ತಿರವಾದಿರಿ ಎಂದು ಅರ್ಥ, ಹಿಂದೆ ಸರಿಯಿರಿ. ಹೆಸರು ತಿಳಿಯದಿದ್ದರೆ ಸಂಜೆ ತೇಜಸ್ವಿಯವರ ‘ಹಕ್ಕಿಪುಕ್ಕ’ ಬಿಡಿಸಿದರಾಯಿತು.

ನೀರಿಳಿದಾಗ ಅದೇ ಕೆಸರು ಬಯಲಿನ ಕಡೆ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರೂ ಇರುತ್ತಾರೆ. ಸೊಂಟದವರೆಗಿನ ನೀರಿನಲ್ಲಿ ಬಗ್ಗಿ ದುಡಿಯುವವರನ್ನು ಕೇಳದೆ ಫೋಟೋ ತೆಗೆಯಬೇಡಿ. ಮೊದಲ ಸಲ ಬರುವವರು ಊರಿನ ದೋಣಿಯವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಅವರು ಕೇಳುವ ಕೂಲಿಯಲ್ಲಿ ಚೌಕಾಶಿ ಮಾಡಬೇಡಿ.